ಅಡಿಕೆಯ ಅಣಬೆ ರೋಗ ಮತ್ತು ಟ್ರೈಕೋಡರ್ಮಾ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ವಿಷಯಗಳು

ಅಡಿಕೆ ತೋಟದಲ್ಲಿ ಒಂದು ಮರ ಗಾಳಿಗೆ ಬಿದ್ದರೆ ಅದು ಒಂದು ಕುಟುಂಬದ ನಷ್ಟ. ಅದೇ ಮರ ಬುಡದಲ್ಲಿ ಅಣಬೆ ಎದ್ದು ಸತ್ತಿದ್ದರೆ, ಅದು ಪಕ್ಕದ ಮರದ, ಪಕ್ಕದ ತೋಟದ, ಕಾಲಕ್ರಮೇಣ ಇಡೀ ಬಯಲಿನ ಪ್ರಶ್ನೆಯಾಗುತ್ತದೆ. ನೆಟ್ಟ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಆ ಅವಧಿಯಲ್ಲಿ ಸಣ್ಣ ಹಿಡುವಳಿದಾರನಿಗೆ ಆ ಜಾಗದಿಂದ ಆದಾಯವಿಲ್ಲ. ರೋಗದ ಮೂಲ ಮಣ್ಣಿನಲ್ಲಿಯೇ ಉಳಿದಿದ್ದರೆ ಹೊಸ ಸಸಿಯೂ ಅದೇ ದಾರಿ ಹಿಡಿಯುತ್ತದೆ.

ಈ ರೋಗದ ನಿಯಂತ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬಳಸುವ ವಿಧಾನ ಇಂದು ಬಹುತೇಕ ರೈತರ ಕಿವಿಗೆ ಬಿದ್ದಿದೆ. ಗ್ರಾಮ ಸಭೆಗಳಲ್ಲಿ ಅದರ ಪೊಟ್ಟಣಗಳನ್ನು ಹಂಚಬೇಕೆಂಬ ಬೇಡಿಕೆಯೂ ಬರುತ್ತಿದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಪೊಟ್ಟಣವನ್ನು ಹಂಚಿದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ. ಆ ಶಿಲೀಂಧ್ರ ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ, ಯಾವ ಸ್ಥಿತಿಯಲ್ಲಿ ಮಾಡುವುದಿಲ್ಲ ಎಂಬುದನ್ನು ಅರಿತು ನಿರ್ಣಯ ಕೈಗೊಳ್ಳುವುದಕ್ಕೆ ಈ ಪಾಠ ಸಹಾಯಕವಾಗಲಿ ಎಂಬುದು ಆಶಯ.

1. ರೋಗದ ಸ್ವರೂಪ

ಅಣಬೆ ರೋಗಕ್ಕೆ ಕಾರಣ ಗ್ಯಾನೋಡರ್ಮಾ ಕುಲದ ಶಿಲೀಂಧ್ರ. ಇದು ಮರದ ಗಟ್ಟಿತನಕ್ಕೆ ಆಧಾರವಾದ ಲಿಗ್ನಿನ್ ಎಂಬ ವಸ್ತುವನ್ನೇ ಕರಗಿಸಬಲ್ಲದು. ಸೋಂಕು ಬೇರಿನಲ್ಲಿ ಆರಂಭವಾಗಿ ಕಾಂಡದ ಬುಡಕ್ಕೆ ಏರುತ್ತದೆ. ಮೊದಲಿಗೆ ಕೆಳಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ. ನೀರಿದ್ದರೂ ಮರ ಬಾಯಾರಿದಂತೆ ಕಾಣುತ್ತದೆ. ಹಿಂಗಾರ ಕಡಿಮೆಯಾಗುತ್ತದೆ, ಕಾಯಿ ಉದುರುತ್ತದೆ. ಬುಡದಲ್ಲಿ ಕಂದು ಬಣ್ಣದ ಕಲೆಗಳು ಮೂಡಿ ಅಲ್ಲಿಂದ ಗಾಢ ಕಂದು ದ್ರವ ಒಸರುತ್ತದೆ. ಬೇರು ಬಣ್ಣಗೆಟ್ಟು, ಒಣಗಿ, ಹಿಡಿದರೆ ಮುರಿಯುವಂತಾಗುತ್ತದೆ. ಕಟ್ಟಕಡೆಗೆ ಬುಡದಲ್ಲಿ ಬೀಸಣಿಗೆಯಾಕಾರದ, ಮೇಲ್ಮೈ ಹೊಳೆಯುವ ಗಟ್ಟಿ ಅಣಬೆಗಳು ಕಾಣಿಸುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಅಣಬೆ ಕಾಣಿಸಿಕೊಳ್ಳುವುದು ರೋಗದ ಆರಂಭವಲ್ಲ, ಅಂತ್ಯ. ಅಷ್ಟು ಹೊತ್ತಿಗೆ ಬುಡದ ಒಳಭಾಗ ಬಹುಪಾಲು ನಾಶವಾಗಿರುತ್ತದೆ. ಅಂತಹ ಮರವನ್ನು ಟ್ರೈಕೋಡರ್ಮಾ ಬದುಕಿಸುವುದಿಲ್ಲ. ಅದು ಕಾಪಾಡಬಲ್ಲದ್ದು ಅದರ ಸುತ್ತಲಿನ, ಇನ್ನೂ ಆರೋಗ್ಯವಾಗಿ ಕಾಣುವ ಮರಗಳನ್ನು.

ರೋಗ ಮುಖ್ಯವಾಗಿ ಬೇರಿನಿಂದ ಬೇರಿಗೆ ಹಬ್ಬುತ್ತದೆ. ಕಡಿದು ಬಿಟ್ಟ ಕೊರಡು ಮತ್ತು ಮಣ್ಣಿನಲ್ಲಿ ಉಳಿದ ಬೇರುಗಳಲ್ಲಿ ಗ್ಯಾನೋಡರ್ಮಾ ದೀರ್ಘಕಾಲ ಬದುಕುತ್ತದೆ. ನೀರು ನಿಲ್ಲುವ, ಬಸಿಗಾಲುವೆ ಮುಚ್ಚಿಹೋದ, ಆರೈಕೆಯಿಲ್ಲದ ತೋಟಗಳಲ್ಲಿ ಇದರ ಹಾವಳಿ ಹೆಚ್ಚು. ಇದೇ ಕುಲದ ಶಿಲೀಂಧ್ರ ತೆಂಗನ್ನೂ ಬಾಧಿಸುತ್ತದೆ. ತಮಿಳುನಾಡಿನ ತಂಜಾವೂರು ಭಾಗದಲ್ಲಿ 1952ರ ಚಂಡಮಾರುತದ ನಂತರ ತೆಂಗಿನಲ್ಲಿ ಗಮನಕ್ಕೆ ಬಂದ ಕಾರಣ ಅಲ್ಲಿ ಅದಕ್ಕೆ ತಂಜಾವೂರು ಸೊರಗು ರೋಗವೆಂಬ ಹೆಸರಾಯಿತು. ಕರ್ನಾಟಕದ ತೆಂಗು ಬೆಳೆಗಾರರು ಅದನ್ನೂ ಅಣಬೆ ರೋಗವೆಂದೇ ಕರೆಯುತ್ತಾರೆ. ಹೊಂಗೆ, ಗುಲ್‌ಮೊಹರ್ ಮುಂತಾದ ಸಾಲುಮರಗಳ ಬುಡದಲ್ಲಿಯೂ ಈ ಕುಲದ ಅಣಬೆಗಳು ಕಾಣಸಿಗುತ್ತವೆ. ಆದ್ದರಿಂದ ತೋಟದಂಚಿನ ರಸ್ತೆಬದಿಯ ಕೊಳೆತ ಕೊರಡುಗಳೂ ಪಂಚಾಯತಿಯ ಗಮನದಲ್ಲಿರಬೇಕು.

2. ಟ್ರೈಕೋಡರ್ಮಾ ಹೇಗೆ ಕೆಲಸ ಮಾಡುತ್ತದೆ

ಟ್ರೈಕೋಡರ್ಮಾ ಹೊರಗಿನಿಂದ ತಂದ ವಸ್ತುವೇನಲ್ಲ. ಸಾವಯವ ಅಂಶವಿರುವ ಮಣ್ಣಿನಲ್ಲಿ ಅದು ಸಹಜವಾಗಿಯೇ ಇರುತ್ತದೆ. ಬೆಳೆದಾಗ ಹಸಿರು ಬೂಷ್ಟಿನಂತೆ ಕಾಣುತ್ತದೆ. ಒಂದು ಶಿಲೀಂಧ್ರ ಇನ್ನೊಂದು ಶಿಲೀಂಧ್ರವನ್ನು ಆಕ್ರಮಿಸಿ ಆಹಾರ ಮಾಡಿಕೊಳ್ಳಬಲ್ಲದು ಎಂಬುದನ್ನು ವೀಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲಿ ಟ್ರೈಕೋಡರ್ಮಾದ ಮೂಲಕವೇ ತೋರಿಸಿದರು. ಕೃಷಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಭೇದಗಳು ಟ್ರೈಕೋಡರ್ಮಾ ವಿರಿಡೆ ಮತ್ತು ಟ್ರೈಕೋಡರ್ಮಾ ಹಾರ್ಜಿಯಾನಂ.

ಇದರ ಕೆಲಸ ನಾಲ್ಕು ಬಗೆಯದು.

ಮೊದಲನೆಯದು ಸ್ಪರ್ಧೆ. ಬೇಗ ಬೆಳೆಯುವ ಗುಣದಿಂದ ಬೇರಿನ ಸುತ್ತಲಿನ ಜಾಗ ಮತ್ತು ಆಹಾರವನ್ನು ತಾನೇ ಆವರಿಸಿಕೊಂಡು ರೋಗಕಾರಕಕ್ಕೆ ಎಡೆ ಕೊಡುವುದಿಲ್ಲ.

ಎರಡನೆಯದು ನೇರ ಆಕ್ರಮಣ. ರೋಗಕಾರಕ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ, ಒಳಗಿನ ಸತ್ವವನ್ನು ಹೀರುತ್ತದೆ.

ಮೂರನೆಯದು ಪ್ರತಿಜೈವಿಕ ವಸ್ತುಗಳ ಉತ್ಪಾದನೆ. ಇವು ಸಮೀಪದ ಶಿಲೀಂಧ್ರಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆ.

ನಾಲ್ಕನೆಯದು ಗಿಡದೊಳಗಿನ ರಕ್ಷಣಾ ಶಕ್ತಿಯನ್ನು ಎಚ್ಚರಿಸುವುದು.

ಈ ನಾಲ್ಕೂ ಜೀವಂತ ಕ್ರಿಯೆಗಳು. ಟ್ರೈಕೋಡರ್ಮಾ ಬದುಕಿದ್ದರೆ ಮಾತ್ರ ನಡೆಯುತ್ತವೆ. ಅದು ಬದುಕಲು ಮೂರು ಬೇಕು: ಆಹಾರವಾಗಿ ಸಾವಯವ ಪದಾರ್ಥ, ಹದವಾದ ತೇವ, ಉಸಿರಾಡಲು ಗಾಳಿ. ಬರಡು ಮಣ್ಣಿಗೆ ಒಣ ಪುಡಿಯನ್ನು ಎರಚಿದರೆ ಆಹಾರ ಮತ್ತು ತೇವವಿಲ್ಲ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ. ಎರಡೂ ಕಡೆ ಹಣ ಮಣ್ಣುಪಾಲಾಗುತ್ತದೆ.

3. ಯಾವ ರೋಗಕ್ಕೆ ಉಪಯುಕ್ತ, ಯಾವುದಕ್ಕೆ ಅಲ್ಲ

ಹಳದಿಯಾದ ಎಲ್ಲ ಅಡಿಕೆ ಮರಕ್ಕೂ ಟ್ರೈಕೋಡರ್ಮಾ ಮದ್ದಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ರೈತನ ವಿಶ್ವಾಸವೂ ಪಂಚಾಯತಿಯ ಅನುದಾನವೂ ಒಟ್ಟಿಗೆ ವ್ಯರ್ಥವಾಗುತ್ತವೆ.

ಕೊಳೆರೋಗ: ಮಳೆಗಾಲದಲ್ಲಿ ಗೊನೆಯ ಕಾಯಿಗಳನ್ನು ಕೊಳೆಸಿ ಉದುರಿಸುವ ಈ ರೋಗಕ್ಕೆ ಫೈಟಾಫ್ತೊರಾ ಎಂಬ ಜೀವಿ ಕಾರಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿಯೇ ಇದರ ಅಧ್ಯಯನವನ್ನು ಪ್ರಕಟಿಸಿದ್ದರು. ಮಣ್ಣಿಗೆ ಸೇರಿಸಿದ ಟ್ರೈಕೋಡರ್ಮಾ ಮರದ ತುದಿಯಲ್ಲಿರುವ ಗೊನೆಯನ್ನು ಕಾಯಲಾರದು. ಮಳೆಗೆ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣದ ಸಿಂಪಡಣೆ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣದ ಪ್ರಮಾಣ, ಯಥಾಪ್ರಕಾರ ನಡೆಯಲೇಬೇಕು.

ಎಲೆಚುಕ್ಕೆ ರೋಗ: ಇದು ಸೋಗೆಯ ಮೇಲಿನ ಶಿಲೀಂಧ್ರ ರೋಗ. ಇದಕ್ಕೆ ಸಿಂಪಡಣೆ ಹಾಗೂ ತೋಟದ ನೈರ್ಮಲ್ಯ ಮುಖ್ಯ. ಬುಡಕ್ಕೆ ಹಾಕಿದ ಗೊಬ್ಬರ ಇದಕ್ಕೆ ಪರಿಹಾರವಲ್ಲ.

ಹಳದಿ ಎಲೆ ರೋಗ: ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದು ಶಿಲೀಂಧ್ರವೇ ಅಲ್ಲ. ಟ್ರೈಕೋಡರ್ಮಾದಿಂದ ಇದು ಗುಣವಾಗದು.

ಹಿಡಿಮುಂಡಿಗೆ: ಮಣ್ಣಿನ ಗುಣ ಮತ್ತು ಬಸಿಯುವಿಕೆಗೆ ಸಂಬಂಧಿಸಿದ ತೊಂದರೆ. ಇಲ್ಲಿಯೂ ಬಸಿಗಾಲುವೆಯೇ ಮೊದಲ ಚಿಕಿತ್ಸೆ.

ತೆಂಗಿನ ಕಾಂಡ ಸೋರುವ ರೋಗ: ಇದರಲ್ಲಿ ಟ್ರೈಕೋಡರ್ಮಾ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಲೇಪದಂತೆ ಸೋರುವ ಜಾಗಕ್ಕೆ ಹಚ್ಚುವ ಕ್ರಮವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ತೆಂಗಿನ ಸುಳಿಕೊಳೆ ಬಾರದಂತೆ ತಡೆಯಲು ತೆಂಗಿನ ನಾರಿನ ಪುಡಿಯಲ್ಲಿ ಟ್ರೈಕೋಡರ್ಮಾ ಬೆಳೆಸಿದ ಬಿಲ್ಲೆಗಳನ್ನು ಸುಳಿಯ ಬಳಿಯ ಗರಿಗಳ ಕಂಕುಳಲ್ಲಿ ಇಡುವ ವಿಧಾನವೂ ಅದೇ ಸಂಸ್ಥೆಯದು.

ಹೀಗಾಗಿ ಮೊದಲ ಹೆಜ್ಜೆ ರೋಗ ನಿರ್ಣಯ. ತೋಟಗಾರಿಕೆ ಇಲಾಖೆಯ ಅಧಿಕಾರಿ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಮರವನ್ನು ನೋಡಿ ಖಚಿತಪಡಿಸಿದ ಮೇಲೆಯೇ ಮುಂದಿನ ಖರ್ಚು.

4. ತೋಟದಲ್ಲಿ ಕೈಗೊಳ್ಳಬೇಕಾದ ಕ್ರಮ

ಒಂದನೆಯದಾಗಿ, ಸತ್ತ ಅಥವಾ ಉಳಿಯಲಾರದ ಮರವನ್ನು ಬೇರುಸಹಿತ ಕೀಳಬೇಕು. ಕೊರಡು ಮತ್ತು ಬೇರನ್ನು ಅಲ್ಲಿಯೇ ಸುಡುವುದು ಉತ್ತಮ. ಅದನ್ನು ಬದುವಿನ ಮೇಲೆ ಎಸೆಯುವುದು, ಹಳ್ಳಕ್ಕೆ ಉರುಳಿಸುವುದು, ಗೊಬ್ಬರದ ಗುಂಡಿಗೆ ಹಾಕುವುದು ರೋಗವನ್ನು ನಾವೇ ಹೊತ್ತು ಹಂಚಿದಂತೆ.

ಎರಡನೆಯದಾಗಿ, ರೋಗವಿರುವ ಮರದ ಬುಡದಿಂದ ಸುಮಾರು 4 ಅಡಿ ದೂರದಲ್ಲಿ, ಸುತ್ತಲೂ 1 ಅಡಿ ಅಗಲ, 2 ಅಡಿ ಆಳದ ಪ್ರತ್ಯೇಕತಾ ಕಂದಕ ತೆಗೆಯಬೇಕು. ಬೇರುಗಳ ಸಂಪರ್ಕ ಕಡಿಯುವುದು ಇದರ ಉದ್ದೇಶ. ಒಂದು ಮರಕ್ಕೆ ಅಗೆಯಬೇಕಾದ ಮಣ್ಣು ಸುಮಾರು ಒಂದೂವರೆ ಘನ ಮೀಟರ್.

ಮೂರನೆಯದಾಗಿ, ಬಸಿಗಾಲುವೆ ಸರಿಪಡಿಸಬೇಕು. ಅದರ ತಳ ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಕೆಳಗಿರಬೇಕು. ಒಂದು ಮರದ ಬುಡದಿಂದ ಇನ್ನೊಂದರ ಬುಡಕ್ಕೆ ನೀರು ಹರಿಯುವ ನೀರಾವರಿ ಪದ್ಧತಿಯನ್ನು ಕೈಬಿಡಬೇಕು.

ನಾಲ್ಕನೆಯದಾಗಿ, ಇಷ್ಟಾದ ಮೇಲೆ ಟ್ರೈಕೋಡರ್ಮಾ. ಅದನ್ನು ಪುಡಿಯಾಗಿ ಬಳಸುವುದಕ್ಕಿಂತ ಗೊಬ್ಬರದಲ್ಲಿ ವೃದ್ಧಿಪಡಿಸಿ ಬಳಸುವುದು ಲೇಸು. ಚೆನ್ನಾಗಿ ಕಳಿತು ತಣ್ಣಗಾದ 90 ಕಿಲೋ ಕೊಟ್ಟಿಗೆ ಗೊಬ್ಬರ ಮತ್ತು 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಟ್ರೈಕೋಡರ್ಮಾ ಪುಡಿಯನ್ನು ಬೆರೆಸಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುವಷ್ಟು, ಆದರೆ ನೀರು ಹನಿಯದಷ್ಟು ತೇವ ಸಾಕು. ನೆರಳಿನಲ್ಲಿ ರಾಶಿ ಮಾಡಿ ಒದ್ದೆ ಗೋಣಿಚೀಲ ಹೊದಿಸಬೇಕು. ವಾರಕ್ಕೊಮ್ಮೆ ತಿರುವಿ ಹಾಕಿ ತೇವ ಕಾಯ್ದುಕೊಂಡರೆ 15ರಿಂದ 20 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಇನ್ನೂ ಕಳಿಯದ, ಒಳಗೆ ಬಿಸಿಯಿರುವ ಗೊಬ್ಬರಕ್ಕೆ ಬೆರೆಸಿದರೆ ಶಿಲೀಂಧ್ರ ಸಾಯುತ್ತದೆ.

ಹೀಗೆ ಸಿದ್ಧವಾದ ಗೊಬ್ಬರವನ್ನು ಮರಕ್ಕೆ 5 ಕಿಲೋದಂತೆ ಬುಡದ ಸುತ್ತ ಹರಡಿ, ಬೇರಿಗೆ ಗಾಯವಾಗದಂತೆ ಮೇಲ್ಮಣ್ಣಿನಲ್ಲಿ ಬೆರೆಸಿ, ಸೊಪ್ಪು ಅಥವಾ ದರಗು ಮುಚ್ಚಬೇಕು. ಮುಂಗಾರಿನ ಆರಂಭ ಮತ್ತು ಮಳೆ ಹಿಂಜರಿದ ನಂತರದ ಕಾಲ ಇದಕ್ಕೆ ಸೂಕ್ತ. ಸ್ಥಳೀಯ ಮಣ್ಣಿಗೆ ತಕ್ಕಂತೆ ತಜ್ಞರು ಬೇರೆ ಪ್ರಮಾಣ ಸೂಚಿಸಿದರೆ ಅದನ್ನೇ ಅನುಸರಿಸಬೇಕು.

ಐದನೆಯದಾಗಿ, ಟ್ರೈಕೋಡರ್ಮಾವನ್ನು ರಾಸಾಯನಿಕ ಶಿಲೀಂಧ್ರನಾಶಕದೊಂದಿಗೆ ಬೆರೆಸಬಾರದು. ಕಾರ್ಬೆಂಡಜಿಂನಂತಹ ಔಷಧಿಗಳು ರೋಗದ ಶಿಲೀಂಧ್ರದ ಜೊತೆಗೆ ಉಪಕಾರಿಯನ್ನೂ ಕೊಲ್ಲುತ್ತವೆ. ರಾಸಾಯನಿಕ ಬಳಸಲೇಬೇಕಾದಲ್ಲಿ ಎರಡರ ನಡುವೆ ಕನಿಷ್ಠ 15 ದಿನಗಳ ಅಂತರವಿರಲಿ.

5. ಎಷ್ಟು ಬೇಕು: ಒಂದು ಲೆಕ್ಕ

2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಎಲ್ಲಕ್ಕೂ 5 ಕಿಲೋದಂತೆ ಕೊಡಲು 2,750 ಕಿಲೋ ಗೊಬ್ಬರ ಮತ್ತು ಅದನ್ನು ತಯಾರಿಸಲು 27 ಕಿಲೋಗಿಂತ ಹೆಚ್ಚು ಪುಡಿ ಬೇಕು. ಸಣ್ಣ ರೈತನಿಗೆ ಇದು ಭಾರ.

ಆದರೆ ಚೌಕಾಕಾರದಲ್ಲಿ ನೆಟ್ಟ ತೋಟದಲ್ಲಿ ಒಂದು ರೋಗದ ಮರಕ್ಕೆ ಎಂಟು ನೆರೆಮರಗಳು. ಒಂದು ಎಕರೆಯಲ್ಲಿ ಅಲ್ಲಲ್ಲಿ ಹತ್ತು ರೋಗದ ಮರಗಳಿದ್ದರೆ ಮೊದಲು ಕಾಯಬೇಕಾದ ಮರಗಳು ಹೆಚ್ಚೆಂದರೆ 80. ಅವಕ್ಕೆ ಬೇಕಾದ್ದು 400 ಕಿಲೋ ಗೊಬ್ಬರ, 4 ಕಿಲೋ ಪುಡಿ. ವರ್ಷಕ್ಕೆ ಎರಡು ಬಾರಿ ಕೊಟ್ಟರೂ 8 ಕಿಲೋ. ರೋಗದ ಮರಗಳನ್ನು ಗುರುತಿಸುವ ಸಮೀಕ್ಷೆ ನಡೆದರೆ ವೆಚ್ಚ ಎಷ್ಟು ತಗ್ಗುತ್ತದೆ ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟ. ಸಮೀಕ್ಷೆಯಿಲ್ಲದೆ ಮನೆಗೊಂದು ಪೊಟ್ಟಣ ಹಂಚಿದರೆ, ಬೇಕಾದವನಿಗೆ ಸಾಲದು, ಬೇಡವಾದವನ ಅಟ್ಟದ ಮೇಲೆ ಕೆಡುತ್ತದೆ.

6. ಪುಡಿಯ ಗುಣಮಟ್ಟ

ಟ್ರೈಕೋಡರ್ಮಾ ಉತ್ಪನ್ನಗಳು 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಒಳಪಟ್ಟಿವೆ. ಖರೀದಿಸುವಾಗ ನೋಂದಣಿ ಸಂಖ್ಯೆ, ತಂಡದ ಸಂಖ್ಯೆ, ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇವಿಷ್ಟನ್ನೂ ನೋಡಬೇಕು. ಪ್ರತಿ ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು. ಲೇಬಲ್ಲಿನಲ್ಲಿ ಇದನ್ನು ಸಿ.ಎಫ್.ಯು. ಎಂದು ಸೂಚಿಸಿರುತ್ತಾರೆ. ದಾಸ್ತಾನನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಇಡಬೇಕು. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೊಠಡಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೊಟ್ಟಣದಲ್ಲಿ ಉಳಿಯುವುದು ಬರಿಯ ಸುಣ್ಣದಂತಹ ಪುಡಿ. ಬೂಷ್ಟು ಹಸಿರಾಗಿ ಕಂಡ ಮಾತ್ರಕ್ಕೆ ಅದು ಟ್ರೈಕೋಡರ್ಮಾ ಎಂದೂ ತಿಳಿಯಬಾರದು. ಹಳಸಿದ ರೊಟ್ಟಿಯ ಮೇಲೂ ಹಸಿರು ಬೂಷ್ಟು ಬರುತ್ತದೆ.

ಪುಡಿ ಬೆರೆಸುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕೆಲಸದ ನಂತರ ಕೈ ತೊಳೆಯಬೇಕು. ಉಬ್ಬಸವಿರುವವರು ಈ ಕೆಲಸದಿಂದ ದೂರವಿರಬೇಕು. ಮತ್ತೊಂದು ಎಚ್ಚರಿಕೆ ಸ್ವಸಹಾಯ ಸಂಘಗಳಿಗೆ: ಟ್ರೈಕೋಡರ್ಮಾ ಎಲ್ಲ ಅಣಬೆಗೂ ವೈರಿ. ತಿನ್ನುವ ಅಣಬೆ ಬೆಳೆಯುವ ಕೊಠಡಿಯ ಬಳಿ ಇದನ್ನು ವೃದ್ಧಿಪಡಿಸಿದರೆ ಆ ಬೆಳೆಯೂ ಹಸಿರು ಬೂಷ್ಟಿಗೆ ಬಲಿಯಾಗುತ್ತದೆ. ಎರಡನ್ನೂ ಒಂದೇ ಸಂಘ ಒಂದೇ ಅಂಗಳದಲ್ಲಿ ನಡೆಸುವುದು ತರವಲ್ಲ.

7. ಗ್ರಾಮ ಪಂಚಾಯತಿಯ ಪಾತ್ರ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿ ಮೂರನೆಯದು. ಅಣಬೆ ರೋಗದ ನಿಯಂತ್ರಣ ಈ ಎರಡೂ ಕೂಡುವ ಜಾಗದಲ್ಲಿದೆ. ಗೊಬ್ಬರ ಹಾಕುವುದು ರೈತನ ಕೆಲಸ. ಆದರೆ ಮೇಲಿನ ತೋಟದ ನೀರು ಕೆಳಗಿನ ತೋಟದಲ್ಲಿ ನಿಲ್ಲದಂತೆ ಮಾಡುವುದು ಒಬ್ಬ ರೈತನಿಂದ ಆಗದು. ನಡುವಿನ ಒಬ್ಬರ ಕಾಲುವೆ ಮುಚ್ಚಿದ್ದರೂ ಮೇಲಿನವರ ಶ್ರಮ ವ್ಯರ್ಥ. ನೆರೆಹೊರೆಯವರ ನಡುವೆ ಮನಸ್ತಾಪ ಹುಟ್ಟುವುದೂ ಇಲ್ಲಿಯೇ. ಪಂಚಾಯತಿ ಮಧ್ಯಪ್ರವೇಶಿಸಬೇಕಾದುದೂ ಇಲ್ಲಿಯೇ.

ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ.

ಅ) ವಾರ್ಡ್ ಸಭೆಯಲ್ಲಿ ವಿಷಯ ಮಂಡಿಸಿ, ಸರ್ವೆ ನಂಬರುವಾರು ರೋಗದ ಮರಗಳ ಪಟ್ಟಿ ತಯಾರಿಸುವುದು. ಪಟ್ಟಿಯನ್ನು ಗ್ರಾಮ ನಕ್ಷೆಯ ಮೇಲೆ ಗುರುತಿಸಿದರೆ ರೋಗ ನೀರಿನ ಹಾದಿಯಲ್ಲಿ ಸಾಗುತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ.

ಆ) ಹಲವು ತೋಟಗಳಿಗೆ ಸಾಮಾನ್ಯವಾದ ಮುಖ್ಯ ಬಸಿಗಾಲುವೆಯನ್ನು ಗುರುತಿಸಿ, ಉದ್ಯೋಗ ಖಾತರಿ ಯೋಜನೆಯ ಮಾರ್ಗಸೂಚಿಯಲ್ಲಿ ಅವಕಾಶವಿರುವಂತೆ ಕ್ರಿಯಾಯೋಜನೆಗೆ ಸೇರಿಸುವುದು. ಕೆಲಸವನ್ನು ನೀರು ಹೊರಬೀಳುವ ಕೆಳತುದಿಯಿಂದ ಆರಂಭಿಸಿ ಮೇಲಕ್ಕೆ ಸಾಗಿಸಬೇಕು. ಮೇಲಿನಿಂದ ಅಗೆಯುತ್ತ ಬಂದರೆ ಮೊದಲ ಮಳೆಗೇ ಕೆಳಗಿನ ತೋಟ ಕೆರೆಯಾಗುತ್ತದೆ.

ಇ) ಗೊಬ್ಬರ ವೃದ್ಧಿಯ ಕೆಲಸವನ್ನು ಆಸಕ್ತ ಸ್ವಸಹಾಯ ಸಂಘಕ್ಕೆ ವಹಿಸಿ, ತರಬೇತಿಗಾಗಿ ಕೃಷಿ ವಿಜ್ಞಾನ ಕೇಂದ್ರವನ್ನು ಕೋರುವುದು.

ಈ) ಪುಡಿಯ ಖರೀದಿ ಗೊಬ್ಬರ ಸಿದ್ಧವಾದ ಮೇಲೆಯೇ ಆಗುವಂತೆ ವೇಳಾಪಟ್ಟಿ ನಿಗದಿಪಡಿಸುವುದು. ಗೊಬ್ಬರ ಏಪ್ರಿಲ್ ಒಳಗೆ ಕಳಿತಿರಬೇಕು, ಪುಡಿ ಮೇ ಆರಂಭದಲ್ಲಿ ಬರಬೇಕು, ಮುಂಗಾರಿಗೆ ತೋಟ ಸೇರಬೇಕು.

ಉ) ರಸ್ತೆಬದಿಯ ಹಾಗೂ ಸಾರ್ವಜನಿಕ ಜಾಗದ ಅಣಬೆ ಎದ್ದ ಕೊರಡುಗಳನ್ನು ತೆಗೆಸುವುದು.

ಊ) ಮರುವರ್ಷ ಅದೇ ತಿಂಗಳು ಅದೇ ಪಟ್ಟಿಯನ್ನು ಹಿಡಿದು ಮರು ಎಣಿಕೆ ನಡೆಸುವುದು. ಹೊಸ ರೋಗದ ಮರಗಳ ಸಂಖ್ಯೆ ಇಳಿದಿದೆಯೇ ಎಂಬುದೇ ಯಶಸ್ಸಿನ ಅಳತೆ. ಹಂಚಿದ ಪೊಟ್ಟಣಗಳ ಸಂಖ್ಯೆ ಅಲ್ಲ.

8. ಸಭೆಯಲ್ಲಿ ಚರ್ಚೆಗೆ

1) ನಮ್ಮ ವ್ಯಾಪ್ತಿಯಲ್ಲಿ ಅಣಬೆ ರೋಗವೆಂದು ತಜ್ಞರು ಖಚಿತಪಡಿಸಿದ ಮರಗಳು ಎಷ್ಟು? ಹಳದಿ ಎಲೆ ರೋಗದೊಂದಿಗೆ ಅವು ಬೆರೆತು ಎಣಿಕೆಯಾಗಿವೆಯೇ?
2) ಯಾವ ಬಸಿಗಾಲುವೆ ಎಲ್ಲಿ ಮುಚ್ಚಿದೆ? ಅದನ್ನು ತೆರೆಯಲು ಯಾರ ಒಪ್ಪಿಗೆ ಬೇಕು?
3) ಕಿತ್ತ ಕೊರಡುಗಳು ಸದ್ಯ ಎಲ್ಲಿ ಬಿದ್ದಿವೆ?
4) ಕಳಿತ ಗೊಬ್ಬರ ಎಷ್ಟು ಲಭ್ಯವಿದೆ? ಅದಕ್ಕೆ ತಕ್ಕ ಪುಡಿಯ ಪ್ರಮಾಣ ಎಷ್ಟು?
5) ಸಾಗುವಳಿ ಕೈಬಿಟ್ಟ ತೋಟಗಳ ಮಾಲೀಕರನ್ನು ಸಂಪರ್ಕಿಸುವ ಹೊಣೆ ಯಾವ ಸದಸ್ಯರದು?

ಟ್ರೈಕೋಡರ್ಮಾ ನೆಲದಲ್ಲಿ ನೆಲೆಸಿ ದುಡಿಯುವ ಜೀವಿ. ಅದಕ್ಕೆ ನೆಲೆ ಒದಗಿಸುವುದು ಬಸಿದ ಮಣ್ಣು, ಕಳಿತ ಗೊಬ್ಬರ ಮತ್ತು ಕೊರಡು ತೆಗೆದ ತೋಟ. ಈ ಮೂರನ್ನು ಮೊದಲು ಸಿದ್ಧಪಡಿಸಿ, ನಂತರ ಪುಡಿಗೆ ಅನುದಾನ ಇಡುವ ಪಂಚಾಯತಿ ಕಡಿಮೆ ಹಣದಲ್ಲಿ ಹೆಚ್ಚು ಮರಗಳನ್ನು ಉಳಿಸುತ್ತದೆ. ಮುಂಗಾರಿಗೆ ಮುನ್ನ ನಡೆಯುವ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಳ್ಳುವುದು ಸೂಕ್ತ.